ಕೊಪ್ಪಳ ಕೋಟಿ ಬಾಗಲ ಕಟ್ಟಾಕ ಹೋಗಿ ಮ್ಯಾಪ್ ಮಾಡೂದು ಕಲ್ತೆ

ಗೇಮಿಗೆ ಮ್ಯಾಪ್, ಅಂದ್ರ ಆಟಗಾರ ಓಡಾಡೋ ಜಾಗ, ಮಾಡೂದು ಕಲೀಬೇಕು ಅಂತ ಭಾಳ ದಿನದ ಆಸೆ, ಆದ್ರ ನನ್ನ ಹತ್ರ ಇರೋದು ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ, ದೊಡ್ಡ ಎಂಜಿನ್ (ಗೇಮ್ ನಡಸೋ ಸಾಫ್ಟ್‌ವೇರ್) ತೆರದ್ರ ಫ್ಯಾನ್ ಜೋರಾಗಿ ಕೂಗ್ತೈತಿ, ಅದಕ್ಕ 1996ರ ಕ್ವೇಕ್ ಗೇಮಿಗೆ ಮ್ಯಾಪ್ ಮಾಡೋ ಟ್ರೆಂಚ್‌ಬ್ರೂಮ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡೆ. ಫ್ರೀ ಐತಿ, ಹಗುರೂ ಐತಿ.

ಏನು ಕಟ್ಟೂದು ಅಂದಾಗ ತಲಿಗೆ ಬಂದಿದ್ದು ನಮ್ಮ ಕೊಪ್ಪಳ ಕೋಟಿ. ಪೂರ್ತಿ ಕೋಟಿ ಅಲ್ಲ, ಒಂದು ಬಾಗಲ, ಮುಂದ ಎಂಟು ಮೆಟ್ಲು, ಅಷ್ಟ. ಒಂದು ಭಾನುವಾರ ತಮ್ಮನ್ನ ಕರ್ಕೊಂಡು ಗುಡ್ಡ ಹತ್ತಿ ಮೆಟ್ಲು ಎತ್ತರ ಗೇಣಿನಿಂದ ಅಳದೆ, ಒಂದೂವರಿ ಗೇಣು ಬಂತು, ಕೆಲವು ಇನ್ನೂ ಎತ್ತರ.

ಮನಿಗೆ ಬಂದು ಅದ ಅಂದಾಜಿನ ಮ್ಯಾಲೆ 24 ಯೂನಿಟ್ (ಗೇಮಿನೊಳಗಿನ ಅಳತಿ) ಎತ್ತರದ ಮೆಟ್ಲು ಇಟ್ಟೆ. ತಮ್ಮ ಆಡಾಕ ಕುಂತ, "ಅಣ್ಣಾ, ಹತ್ತಾಕ ಬರವಲ್ದು, ಪ್ರತಿ ಮೆಟ್ಲಿಗೂ ಹಾರಬೇಕಾಗೈತಿ" ಅಂದ. ಆಮ್ಯಾಲೆ ಗೊತ್ತಾತು, ಕ್ವೇಕ್‌ನ್ಯಾಗ ಆಟಗಾರ ಹಾರದ ಹತ್ತೋದು 18 ಯೂನಿಟ್ ತನಕ ಅಷ್ಟ, ಅವನ ಎತ್ತರ 56, ಅಗಲ 32. ಈ ಮೂರು ನಂಬರ್ ಮೊದ್ಲು ಬಾಯಿಪಾಠ ಮಾಡ್ರಿ, ಬಾಗಲ, ಕಿಟಕಿ, ಓಣಿ ಎಲ್ಲಾ ಇದರ ಮ್ಯಾಲೆನ ನಿಲ್ತಾವ. ಮೆಟ್ಲು 16ಕ್ಕ ಇಳಿಸಿದೆ, ಸರಾಗ ಹತ್ತಿದ.

ನನ್ನ ಮೂರು ಸಂಜಿ ತಿಂದಿದ್ದು ಲೀಕ್, ಅಂದ್ರ ಮ್ಯಾಪಿನ್ಯಾಗ ಮುಚ್ಚದ ಉಳಿದ ಸಂದಿ. ಮ್ಯಾಪ್ ಅಂದ್ರ ನೀರು ತುಂಬಿದ್ರ ಹನಿ ಹೊರಗ ಹೋಗದಂಗ ಮುಚ್ಚಿರಬೇಕು, ತೆರೆದ ಅಂಗಳ ಇದ್ರೂ ಮ್ಯಾಲೆ ಆಕಾಶದ ಟೆಕ್ಸ್ಚರ್ (ಮ್ಯಾಲೆ ಹಚ್ಚೋ ಚಿತ್ರ) ಹಚ್ಚಿದ ಬ್ರಷ್ (ಮ್ಯಾಪ್ ಕಟ್ಟೋ ಗಟ್ಟಿ ತುಂಡು) ಮುಚ್ಚಬೇಕು. ಕಂಪೈಲ್, ಅಂದ್ರ ಮ್ಯಾಪನ್ನ ಗೇಮ್ ಓದೋ ಫೈಲ್, ಮಾಡಿದಾಗೆಲ್ಲಾ ಲೀಕ್ ಲೀಕ್ ಅಂತ ಬರ್ತಿತ್ತು, ಬಾಗಲದಾಗ ಕದ ಇಟ್ಟೀನಲ್ಲ ಮುಚ್ಚೇತಿ ಅನ್ಕೊಂಡಿದ್ದೆ, ಆದ್ರ ತೆರೆಯೋ ಕದ ಎಂಟಿಟಿ, ಅಂದ್ರ ಗೋಡಿಯಂಗ ಕಾಯಂ ಅಲ್ಲದ ವಸ್ತು, ಅದು ಮುಚ್ಚಿದ ಲೆಕ್ಕಕ್ಕ ಬರಂಗಿಲ್ಲ, ಕದದ ಆಚಿ ಕಡೆನೂ ಗೋಡಿ ಬೇಕು. ಅದನ್ನ ಸರಿ ಮಾಡಿದ್ರೂ ಮತ್ತ ಲೀಕ್. ಲೀಕಿನ ದಾರಿ ತೋರ್ಸೋ ಪಾಯಿಂಟ್ ಫೈಲ್ ಲೋಡ್ ಮಾಡಿದ್ರ ಮ್ಯಾಪಿನ ಒಳಗಿಂದ ಹೊರಗ ಒಂದು ಗೆರಿ ಹೋಗ್ತೈತಿ, ಇರಿವಿ ಸಾಲು ಹಿಡ್ಕೊಂಡು ಹೋದಂಗ ಹೋದೆ, ಕೊನಿಗೆ ಬುರುಜಿನ ಬುಡದಾಗ ಒಂದ ಯೂನಿಟ್ ಸಂದಿ! ಗ್ರಿಡ್ (ತುಂಡು ಕೂರಿಸೋ ಚೌಕದ ಗೆರಿಗಳ ಅಂತರ) 1ಕ್ಕ ಇಳಿಸಿ ಗೋಡಿ ಸರಿಸಿದ್ದೆ, ಅದರ ಫಲ. ಆವತ್ತಿಂದ ಗ್ರಿಡ್ 16ಕ್ಕಿಂತ ಕೆಳಗ ಗೋಡಿ ಮುಟ್ಟಂಗಿಲ್ಲ.

ಇನ್ನೊಂದು ಹೇಳ್ಬೇಕು. ಹಳೇ ಕೋಟಿಗಳ ಬಾಗಲ ಭಾಳ ಕಡೆ ನೆಟ್ಟಗ ಒಳಗ ಬಿಡಂಗಿಲ್ಲ, ತಿರುವು ಇರ್ತೈತಿ, ಆನಿ ಓಡಿ ಬಂದು ಗುದ್ದಬಾರದು ಅಂತ. ನಾನೂ ಹಂಗ ತಿರುವು ಕೊಟ್ಟೆ, ನೋಡಿದ್ರ ಗೇಮೂ ಹಗುರಾತು, ಯಾಕಂದ್ರ ತಿರುವಿನ ಆಚಿ ಕಡಿ ಕಾಣದ ಕೋಣಿನ ಎಂಜಿನ್ ತೋರ್ಸೂದ ಇಲ್ಲ. ಅವರು ಕಲ್ಲಾಗ ಮಾಡಿದ್ದು ನನ್ನ ಮ್ಯಾಪಿಗೂ ಬಂತಲ್ಲ ಅಂತ ಭಾಳ ಖುಷಿ ಆತು.

ಈಗ ಒಳಗಿನ ಅಂಗಳ ಶುರು ಮಾಡೀನಿ, ತಮ್ಮ ದಿನಾ ರಾತ್ರಿ ಊಟ ಆದ ಮ್ಯಾಲೆ ಒಂದು ಸುತ್ತು ಓಡಿ ನೋಡ್ತಾನ.