ಬಿಸಿಲೂರಿನಲ್ಲಿ ಬಿಯರ್ ಆರಿಸುವುದು, ಅಂಕ ಕೊಡುವುದು

ಮೊಬೈಲಿನಲ್ಲಿ ಜನ ಬಿಯರಿಗೆ ಅಂಕ ಕೊಡುವ ಅನ್‌ಟ್ಯಾಪ್ಡ್ ಆ್ಯಪ್ ತೆರೆದು, ಐದಕ್ಕೆ ನಾಲ್ಕರ ಹತ್ತಿರ ಅಂಕ ಬಿದ್ದ ಬಿಯರ್ ಹುಡುಕಿ, ಅದನ್ನೇ ಸೂಪರ್ ಮಾರ್ಕೆಟ್ ಕಡೆಯ ವೈನ್ ಶಾಪಿನಲ್ಲಿ ಕೇಳಿ ತಂದರೆ ಕಲಬುರಗಿಯಲ್ಲಿ ಎಷ್ಟೋ ಸಲ ನಿರಾಸೆಯೇ. ಅಂಕ ಕೊಟ್ಟವರು ಸುಳ್ಳು ಹೇಳಿರುವುದಿಲ್ಲ. ಅವರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ತಾಜಾ ಮಾಲು ಕುಡಿದಿರುತ್ತಾರೆ. ನಿಮ್ಮ ಕೈಗೆ ಬಂದದ್ದು ಅದೇ ಹೆಸರಿನ, ಐದು ತಿಂಗಳು ಹಳೆಯ, ಒಂದು ಪೂರ್ತಿ ಬೇಸಿಗೆ ಕಂಡ ಬಾಟಲಿ. ಆದ್ದರಿಂದ ಕಲಬುರಗಿ, ಯಾದಗಿರಿ, ಬೀದರ್ ಕಡೆ ಬಿಯರ್ ಆರಿಸುವ ಕ್ರಮವನ್ನು ತಿರುಗಿಸಿ ಹಾಕಬೇಕು: ಮೊದಲು ತಾರೀಖು, ಆಮೇಲೆ ಬಗೆ, ಕೊನೆಗೆ ಬ್ರ್ಯಾಂಡು. ಇದು 21 ದಾಟಿದವರಿಗೆ, ಕುಡಿದ ಮೇಲೆ ಗಾಡಿ ಮುಟ್ಟದವರಿಗೆ ಮಾತ್ರ.

ತಾರೀಖು, ಬಿಸಿಲು, ಬೆಳಕು

ಬಿಯರಿಗೆ ಮೂರು ಶತ್ರುಗಳು: ಶಾಖ, ಬೆಳಕು, ಆಮ್ಲಜನಕ. ಮುಚ್ಚಳದೊಳಗೆ ಉಳಿದ ಆಮ್ಲಜನಕ ನಿಮ್ಮ ಕೈಲಿಲ್ಲ, ಉಳಿದೆರಡು ಒಂದಷ್ಟು ಇವೆ. ಬ್ರೂವರಿ ಕಡೆಯವರು ಹೇಳುವ ಅಂದಾಜು ಲೆಕ್ಕ 3-30-300. ಅಂದರೆ 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ ಇಟ್ಟ ಬಿಯರ್ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಹಳಸುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ ಪಾರಾ 42 ದಾಟುತ್ತದೆ. ಲಾರಿ, ಗೋದಾಮು, ಅಂಗಡಿಯ ಹಿಂದಿನ ಕೋಣೆ ಎಲ್ಲ ಸೇರಿಸಿ ಲೆಕ್ಕ ಹಾಕಿ. ಲೇಬಲ್ ಮೇಲೆ ಆರು ತಿಂಗಳು ಎಂದಿದ್ದರೂ ನಾಲಿಗೆಗೆ ಅದು ಎಂದೋ ಮುಗಿದಿರುತ್ತದೆ.

ಕರ್ನಾಟಕದಲ್ಲಿ ಬಾಟಲಿ ಬ್ರೂವರಿಯಿಂದ ನೇರ ಅಂಗಡಿಗೆ ಬರುವುದಿಲ್ಲ. ರಾಜ್ಯ ಪಾನೀಯ ನಿಗಮದ, ಅಂದರೆ ಕೆಎಸ್‌ಬಿಸಿಎಲ್‌ನ ಡಿಪೋ ಮೂಲಕ ಹಾದು ಬರುತ್ತದೆ. ಜನ ದಿನಾ ಕೇಳುವ ಲಾಗರ್, ಅಂದರೆ ತಿಳಿ ಬಣ್ಣದ ಸಾದಾ ಬಿಯರ್, ಅಲ್ಲಿ ನಿಲ್ಲುವುದಿಲ್ಲ, ಬಂದಂತೆ ಹೋಗುತ್ತದೆ. ಯಾರೂ ಕೇಳದ, ಸಣ್ಣ ಬ್ರೂವರಿಗಳ ಕ್ರಾಫ್ಟ್ ಗೋಧಿ ಬಿಯರ್ ಪೆಟ್ಟಿಗೆಯಲ್ಲೇ ಕೂರುತ್ತದೆ. ಅದಕ್ಕೇ ಸಣ್ಣ ಊರಲ್ಲಿ ಮೂರು ವಾರದ ಸಾದಾ ಲಾಗರ್ ಐದು ತಿಂಗಳ ಕ್ರಾಫ್ಟ್ ಬಿಯರಿಗಿಂತ ಬಹುಪಾಲು ಮೇಲು. ಕ್ರಾಫ್ಟ್ ಅಭಿಮಾನಿಗಳಿಗೆ ಈ ಮಾತು ರುಚಿಸುವುದಿಲ್ಲ, ಆದರೂ ಕಣ್ಣು ಕಟ್ಟಿ ಕುಡಿಸಿದರೆ ಅವರೇ ಒಪ್ಪುತ್ತಾರೆ.

ಅಂಗಡಿಯಲ್ಲಿ ಮಾಡಬೇಕಾದ್ದು ಇಷ್ಟು. "ಚಿಲ್ಡ್ ಕೊಡಿ" ಎನ್ನುವ ಮೊದಲು "ತಾರೀಖು ನೋಡ್ತೀನಿ" ಎನ್ನಿ. ಬಾಟಲಿಯಲ್ಲಿ ಲೇಬಲ್ ಅಂಚಿನಲ್ಲೋ ಕುತ್ತಿಗೆಯಲ್ಲೋ, ಟಿನ್ನಿನಲ್ಲಿ ತಳದಲ್ಲಿ ತಯಾರಿಕೆಯ ತಾರೀಖು ಮತ್ತು ಬ್ಯಾಚ್ ನಂಬರ್ ಇರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಎರಡು ತಿಂಗಳು ದಾಟಿದ್ದನ್ನು ಬಿಟ್ಟುಬಿಡಿ. ಹಾಪ್ಸ್ ಎಂಬ ಕಹಿ ಹೂವಿನ ಪರಿಮಳವೇ ಜೀವಾಳವಾದ ಐಪಿಎ (ಇಂಡಿಯಾ ಪೇಲ್ ಏಲ್) ಆದರೆ ಆರು ವಾರವೇ ಗಡಿ. ಡಿಸೆಂಬರ್, ಜನವರಿಯಲ್ಲಿ ಬಂದ ಮಾಲಿಗೆ ಮೂರು ತಿಂಗಳವರೆಗೂ ಭಯವಿಲ್ಲ. ಬೀದರ್ ಎತ್ತರದಲ್ಲಿರುವುದರಿಂದ ಬಿಸಿಲಿನ ಹೊಡೆತ ಸ್ವಲ್ಪ ಕಡಿಮೆ, ಆದರೆ ಮಾಲು ಬರುವ ದಾರಿ ಅದೇ ಬಿಸಿಲಿನದು.

ಬೆಳಕಿನ ಪೆಟ್ಟು ಬೇರೆ ಥರ. ಹಾಪ್ಸ್‌ನ ಕಹಿ ಅಂಶದ ಮೇಲೆ ಬೆಳಕು ಬಿದ್ದರೆ ಗಂಧಕದ ಸಂಯುಕ್ತ ಹುಟ್ಟಿ ಸುಟ್ಟ ರಬ್ಬರಿನಂಥ ಘಾಟು ಬರುತ್ತದೆ. ನೇರ ಬಿಸಿಲಲ್ಲಿ ಇದಕ್ಕೆ ಕೆಲವು ನಿಮಿಷ ಸಾಕು. ಕಂದು ಗಾಜು ಬಹಳಷ್ಟು ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯುವುದಿಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ. ಟ್ಯೂಬ್‌ಲೈಟ್ ಉರಿಯುವ ಗಾಜಿನ ಫ್ರಿಡ್ಜ್‌ನಲ್ಲಿ ವಾರಗಟ್ಟಲೆ ನಿಂತ ಹಸಿರು ಬಾಟಲಿಗಿಂತ ರಟ್ಟಿನ ಪೆಟ್ಟಿಗೆಯೊಳಗಿನ ಬಿಸಿ ಬಾಟಲಿ ಒಳ್ಳೆಯದು, ತಾರೀಖು ಹೊಸದಿದ್ದರೆ. ಟಿನ್ ಸಿಕ್ಕರೆ ಟಿನ್ನೇ ತಗೊಳ್ಳಿ.

ಒಮ್ಮೆ ತಣ್ಣಗಾದ ಬಿಯರ್ ಮತ್ತೆ ಬಿಸಿಯಾದರೆ ಕೆಟ್ಟೇ ಹೋಯಿತು ಎಂಬ ಮಾತಿದೆ. ಅಷ್ಟು ಭಯ ಬೇಡ. ಅದು ಒಟ್ಟು ಎಷ್ಟು ಹೊತ್ತು, ಎಷ್ಟು ಶಾಖದಲ್ಲಿತ್ತು ಎಂಬುದೇ ಮುಖ್ಯ.

ಯಾವ ಬಗೆ ಇಲ್ಲಿ ತಾಳುತ್ತದೆ

ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಇರುವ ಕಪ್ಪು ಬಿಯರ್ ಸ್ಟೌಟ್ ಹೆಚ್ಚು ತಾಳುತ್ತದೆ. ಸ್ವಲ್ಪ ಹಳಸಿದರೂ ಕಾಫಿ, ಚಾಕೊಲೇಟ್ ವಾಸನೆಯ ಕೆಳಗೆ ಅದು ಅಡಗುತ್ತದೆ. ಆಮೇಲೆ ಲಾಗರ್. ಗೋಧಿ ಬಿಯರಿನ ಬಾಳೆಹಣ್ಣು, ಲವಂಗ, ಕಿತ್ತಳೆಯ ಕಂಪು ಬೇಗ ಮಂಕಾಗುತ್ತದೆ. ಎಲ್ಲಕ್ಕಿಂತ ಮೊದಲು ಸಾಯುವುದು ಐಪಿಎ: ಕಹಿ ಉಳಿದು, ಪರಿಮಳ ಹಾರಿಹೋಗಿ, ಕಷಾಯದಂತಾಗುತ್ತದೆ.

ಕಹಿಯನ್ನು ಐಬಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ. ಜರ್ಮನ್ ಗೋಧಿ ಬಿಯರ್ 8ರಿಂದ 15, ಐರಿಶ್ ಸ್ಟೌಟ್ 25ರಿಂದ 45, ಅಮೆರಿಕನ್ ಐಪಿಎ 40ರಿಂದ 70. ಹೊಸಬರು ಕೆಳಗಿನಿಂದ ಮೇಲಕ್ಕೆ ಹೋಗಲಿ.

"ಸ್ಟ್ರಾಂಗ್ ಇದೆಯಾ?" ಎನ್ನುವ ಪ್ರಶ್ನೆ ನಮ್ಮ ಕಡೆ ಬಹಳ. ಶೇ 5ರವರೆಗೆ ಮೈಲ್ಡ್, ಅದರ ಮೇಲೆ ಶೇ 8ರವರೆಗೆ ಸ್ಟ್ರಾಂಗ್. ಶೇ 7.5ರ 650 ಮಿಲಿ ಬಾಟಲಿಯಲ್ಲಿ ಸುಮಾರು 49 ಮಿಲಿ ಆಲ್ಕೋಹಾಲ್, ಶೇ 5ರ 330 ಮಿಲಿ ಪಿಂಟ್‌ನಲ್ಲಿ 16.5. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ಮೂರು ಪಿಂಟ್‌ಗೆ ಸಮ. ಕಿಕ್ಕಿಗೆ ರೂಪಾಯಿ ಲೆಕ್ಕ ಹಾಕುವವರಿಗೆ ಇದು ಲಾಭ ಎನಿಸಬಹುದು. ರುಚಿ ನೋಡುವವರಿಗೆ ನಷ್ಟ, ಮೊದಲ ಬಾಟಲಿಯ ನಂತರ ನಾಲಿಗೆ ಏನನ್ನೂ ಹೇಳುವುದಿಲ್ಲ.

ಗ್ಲಾಸು ಮತ್ತು ತಂಪು

ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲ, ಬಾಟಲಿಯಿಂದಲೇ ಕುಡಿದರೆ ಮೂಗಿಗೆ ಕೆಲಸವಿಲ್ಲ. ಬಾಯಿ ಸ್ವಲ್ಪ ಒಳಬಾಗಿದ ಗಾಜಿನ ಗ್ಲಾಸೇ ಬೇಕು. ನಮ್ಮ ಬೋರ್‌ವೆಲ್ ನೀರಿಗೆ ಗ್ಲಾಸಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ನಿಂಬೆರಸ ಅಥವಾ ವಿನೆಗರ್ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಎಣ್ಣೆ, ಸೋಪಿನ ಅಂಶ ಉಳಿದರೆ ನೊರೆ ನಿಲ್ಲುವುದಿಲ್ಲ, ಆಮೇಲೆ ಬಿಯರಿನ ಮೇಲೆ ಅಪವಾದ. ಪರೀಕ್ಷೆ ಸುಲಭ: ಒದ್ದೆ ಗ್ಲಾಸಿನ ಒಳಗೆ ಉಪ್ಪು ಉದುರಿಸಿ. ಎಲ್ಲೆಡೆ ಸಮನಾಗಿ ಅಂಟಿದರೆ ಸ್ವಚ್ಛ, ಬಿಟ್ಟ ಜಾಗದಲ್ಲಿ ಜಿಡ್ಡಿದೆ.

ಕುಡಿಯುವಾಗ ತಂಪು ಇಷ್ಟಿರಲಿ: ಲಾಗರ್ 4ರಿಂದ 7 ಡಿಗ್ರಿ, ಗೋಧಿ ಬಿಯರ್ 5ರಿಂದ 8, ಐಪಿಎ 7ರಿಂದ 10, ಸ್ಟೌಟ್ 10ರಿಂದ 13. ಹಲ್ಲು ಜುಂ ಎನ್ನುವಷ್ಟು ತಣ್ಣಗಿದ್ದರೆ ದೋಷವೂ ಕಾಣದು, ಗುಣವೂ ಕಾಣದು. ಸಾದಾ ಬಿಯರನ್ನು ಅಷ್ಟು ತಂಪಾಗಿ ಮಾರುವುದರ ಗುಟ್ಟೂ ಒಂದಷ್ಟು ಅದೇ. ಫ್ರಿಡ್ಜ್‌ನಿಂದ ತೆಗೆದ ಸ್ಟೌಟ್‌ಅನ್ನು ಬೇಸಿಗೆಯಲ್ಲಿ ಹತ್ತು ನಿಮಿಷ ಹೊರಗಿಟ್ಟರೆ ಸಾಕು. ಕರೆಂಟ್ ಹೋಗಿದೆ, ಬಾಟಲಿ ಬಿಸಿಯಾಗಿದೆ ಎಂದರೆ ಬಕೆಟ್‌ನಲ್ಲಿ ಐಸ್, ಅದು ಮುಳುಗುವಷ್ಟು ನೀರು, ಒಂದೆರಡು ಹಿಡಿ ಕಲ್ಲುಪ್ಪು ಹಾಕಿ ಕುತ್ತಿಗೆವರೆಗೆ ಮುಳುಗಿಸಿ. ಇಪ್ಪತ್ತು ನಿಮಿಷದಲ್ಲಿ ಕುಡಿಯುವಷ್ಟು ತಂಪು. ಬರೀ ಐಸ್ ಹಾಕಿದರೆ ನಡುವೆ ಗಾಳಿ ಉಳಿದು ತಡವಾಗುತ್ತದೆ. ಫ್ರೀಜರ್‌ನಲ್ಲಿಟ್ಟು ಮರೆಯಬೇಡಿ, ಮೈನಸ್ 2, 3 ಡಿಗ್ರಿಗೆ ಬಿಯರ್ ಹೆಪ್ಪುಗಟ್ಟಿ ಬಾಟಲಿ ಒಡೆಯುತ್ತದೆ.

ಗ್ಲಾಸನ್ನು ಓರೆ ಹಿಡಿದು ಅರ್ಧ ಸುರಿದು, ನೆಟ್ಟಗೆ ಮಾಡಿ ಉಳಿದದ್ದನ್ನು ನಡುವೆ ಸುರಿಯಿರಿ. ಎರಡು ಬೆರಳು ನೊರೆ ಬೇಕು, ಪರಿಮಳ ಏಳುವುದು ಅಲ್ಲಿಂದ. ಸೋಸದ ಗೋಧಿ ಬಿಯರ್ ಆದರೆ ಕೊನೆಯ ಸ್ವಲ್ಪವನ್ನು ಬಾಟಲಿಯಲ್ಲೇ ತಿರುಗಿಸಿ ತಳದ ಯೀಸ್ಟ್ ಸಮೇತ ಹಾಕಿ.

ಐವತ್ತಕ್ಕೆ ಎಷ್ಟು

ಆ್ಯಪ್‌ನಲ್ಲಿ ಬರೀ ನಕ್ಷತ್ರ ಹಾಕಿದರೆ ಆ ಅಂಕ ಯಾಕೆ ಬಂತೆಂದು ತಿಂಗಳ ನಂತರ ನಿಮಗೇ ನೆನಪಿರುವುದಿಲ್ಲ. ಸ್ಪರ್ಧೆಗಳ ತೀರ್ಪುಗಾರರಿಗಾಗಿ 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಜೆಸಿಪಿಯ (ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ) ಅಂಕದ ಹಾಳೆ ಇದಕ್ಕೆ ಒಳ್ಳೆಯ ಮದ್ದು. ಅದರಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆಗೆ 10, ಸೇರಿ 50. ಬಿಯರ್‌ಅಡ್ವೊಕೇಟ್ ಎಂಬ ವೆಬ್‌ಸೈಟ್ ನೂರರಲ್ಲಿ ವಾಸನೆಗೆ 24, ರುಚಿಗೆ 40, ನೋಟಕ್ಕೆ 6 ಎಂದು ತೂಗುತ್ತದೆ. ಎರಡರಲ್ಲೂ ಮೂಗು ಮತ್ತು ನಾಲಿಗೆಗೇ ಮೂರರಲ್ಲಿ ಎರಡು ಪಾಲಿನ ಆಸುಪಾಸು. ಚಂದದ ಲೇಬಲ್‌ಗೆ ಎಲ್ಲೂ ಅಂಕವಿಲ್ಲ.

ಸುರಿದ ತಕ್ಷಣ ಮೂಸಿ, ಹಗುರ ಪರಿಮಳ ಮೊದಲ ನಿಮಿಷದಲ್ಲೇ ಹೋಗುತ್ತದೆ. ಆಮೇಲೆ ನೋಟ: ಬಣ್ಣ, ತಿಳಿ, ನೊರೆ ಎಷ್ಟು ಹೊತ್ತು ನಿಂತಿತು. ಗುಟುಕನ್ನು ನಾಲಿಗೆಯೆಲ್ಲ ಸುತ್ತಾಡಿಸಿ ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ರುಚಿಯ ಅರ್ಧ ಆಗಲೇ ತಿಳಿಯುತ್ತದೆ. ನುಂಗಿದ ಮೇಲೆ ಕಹಿ ಎಷ್ಟು ಹೊತ್ತು ಉಳಿಯಿತು, ಗಂಟಲು ಉರಿಯಿತೇ, ಗ್ಯಾಸ್ ಚುಚ್ಚಿತೇ ಎಂದು ಬರೆಯಿರಿ. ಅಂಕ ಆಮೇಲೆ.

ಉದಾಹರಣೆಗೆ ಒಂದು ಗೋಧಿ ಬಿಯರ್: ಬಾಳೆಹಣ್ಣು, ಲವಂಗ ಸ್ಪಷ್ಟ, ವಾಸನೆ 9. ಮಬ್ಬು ಹಳದಿ, ಗಟ್ಟಿ ನೊರೆ, ನೋಟ 3. ರುಚಿ ಮೊದಲು ಚೆನ್ನ, ಕೊನೆಗೆ ರಟ್ಟಿನ ಛಾಯೆ, 13. ಮೆತ್ತಗಿದೆ, 4. ಒಟ್ಟಾರೆ 6. ಮೊತ್ತ 35. ಬಿಜೆಸಿಪಿ ಪಟ್ಟಿಯಲ್ಲಿ 30ರಿಂದ 37 "ಬಹಳ ಚೆನ್ನ", 38ರಿಂದ 44 "ಅತ್ಯುತ್ತಮ", 45ರ ಮೇಲೆ ಅಪರೂಪ. 21ಕ್ಕಿಂತ ಕೆಳಗಿದ್ದರೆ ಎಲ್ಲೋ ದೋಷವಿದೆ.

ಇಲ್ಲಿ ನಮ್ಮ ಕಡೆಯವರು ಸೇರಿಸಲೇಬೇಕಾದ ಎರಡು ಸಾಲು: ತಯಾರಿಕೆಯ ತಾರೀಖು, ಕುಡಿದ ತಾರೀಖು. ಮೇಲಿನ ರಟ್ಟಿನ ಛಾಯೆ ಬ್ರೂವರಿಯ ತಪ್ಪೋ ಬಿಸಿಲಿನ ತಪ್ಪೋ ಅವೇ ಹೇಳುತ್ತವೆ. ನಾಲ್ಕು ತಿಂಗಳ ಬಾಟಲಿಗೆ ಕಡಿಮೆ ಅಂಕ ಹಾಕಿ ಆ ಬಿಯರನ್ನೇ ತಳ್ಳಿಹಾಕುವುದು ಅನ್ಯಾಯ. "ಹಳೆಯ ಬಾಟಲಿ" ಎಂದು ಗುರುತು ಹಾಕಿ, ಹೊಸ ಬ್ಯಾಚ್ ಸಿಕ್ಕಾಗ ಮತ್ತೆ ನೋಡಿ.

ದೋಷಗಳನ್ನು ಹೀಗೆ ಬೇರ್ಪಡಿಸಿ. ಒದ್ದೆ ರಟ್ಟು, ಹಳೆ ಕಾಗದ: ಆಮ್ಲಜನಕ ಮತ್ತು ಶಾಖ, ನಮ್ಮಲ್ಲಿ ಅತಿ ಸಾಮಾನ್ಯ. ಸುಟ್ಟ ರಬ್ಬರ್: ಬೆಳಕು. ಬೆಣ್ಣೆ ಬಿಸ್ಕತ್ತು: ಡಯಾಸಿಟೈಲ್ ಎಂಬ ರಾಸಾಯನಿಕ, ಯೀಸ್ಟ್‌ಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲ, ಡ್ರಾಫ್ಟ್ ಬಿಯರ್ ಆದರೆ ಪೈಪು ಗಲೀಜಿರಲೂಬಹುದು. ಬೇಯಿಸಿದ ಮೆಕ್ಕೆಜೋಳ: ಕುದಿತ ಸಾಲದು ಅಥವಾ ಕುದಿಸಿದ್ದನ್ನು ತಣಿಸಲು ತಡ, ತೆಳು ಲಾಗರ್‌ನಲ್ಲಿ ತುಸು ಇದ್ದರೆ ಕ್ಷಮಿಸಬಹುದು. ಹಸಿ ಸೇಬು: ಬಲಿಯುವ ಮೊದಲೇ ತುಂಬಿಸಿದ್ದು. ವಿನೆಗರ್ ಹುಳಿ: ಬ್ಯಾಕ್ಟೀರಿಯಾ, ಕುಡಿಯಬೇಡಿ. ಲವಂಗದ ವಾಸನೆ ಗೋಧಿ ಬಿಯರಿನಲ್ಲಿ ಗುಣ, ಲಾಗರ್‌ನಲ್ಲಿ ದೋಷ. ಬಗೆ ಯಾವುದೆಂದು ತಿಳಿಯದೆ ಅಂಕ ಹಾಕಬಾರದು ಎನ್ನುವುದು ಇದಕ್ಕೇ. ಆ್ಯಪ್‌ನ ಅಂಕವನ್ನೂ ಹಾಗೆಯೇ ಓದಿ: ದಪ್ಪ ಸ್ಟೌಟ್, ಐಪಿಎಗಳಿಗೆ ಜನ ಧಾರಾಳ, ಲಾಗರ್‌ಗೆ ಜಿಪುಣರು. ಲಾಗರ್‌ಅನ್ನು ಲಾಗರ್ ಜೊತೆಗೇ ಹೋಲಿಸಿ.

ನಾಲ್ಕೈದು ಜನ ಕೂತಾಗ

ಒಬ್ಬರಿಗೆ ಒಂದೊಂದು ಬಿಯರ್ 100 ಮಿಲಿಯಂತೆ, ಒಟ್ಟು ಐದು ಬಗೆ ಸಾಕು. ಕಡಿಮೆ ಕಹಿಯಿಂದ ಹೆಚ್ಚಿಗೆ, ತಿಳಿಯಿಂದ ದಟ್ಟಕ್ಕೆ ಹೋಗಿ. ನಡುವೆ ನೀರು, ಸಪ್ಪೆ ಚುರುಮುರಿ ಅಥವಾ ಒಂದು ಚೂರು ಖಡಕ್ ರೊಟ್ಟಿ. ಗುಟ್ಕಾ, ಜರ್ದಾ ಪಾನ್ ಹಾಕಿದವರ ಅಂಕ ಆ ಸಂಜೆ ಲೆಕ್ಕಕ್ಕಿಲ್ಲ. ಮಿರ್ಚಿ ಭಜಿ ಕೊನೆಗೆ ಬರಲಿ, ಮೊದಲೇ ಬಂದರೆ ಎಲ್ಲ ಬಿಯರೂ ಒಂದೇ.

ಬ್ರ್ಯಾಂಡಿನ ಹೆಸರು ನಾಲಿಗೆಯನ್ನು ಮೋಸ ಮಾಡುತ್ತದೆ. ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕಿ, ಸುರಿಯುವವರು ಅಂಕ ಕೊಡಬಾರದು. "ಎರಡಕ್ಕೂ ವ್ಯತ್ಯಾಸ ನನಗೆ ಗೊತ್ತಾಗುತ್ತೆ" ಎನ್ನುವವರಿಗೆ ಮೂರು ಗ್ಲಾಸಿನ ಪರೀಕ್ಷೆ ಕೊಡಿ: ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ, ಬೇರೆಯದನ್ನು ಹುಡುಕಬೇಕು. ಊಹೆಯಿಂದಲೇ ಮೂರಕ್ಕೊಂದು ಸರಿ ಬರುತ್ತದೆ, ಆದ್ದರಿಂದ ಆರು ಸುತ್ತಿನಲ್ಲಿ ಐದು ಸರಿ ಹೇಳಿದರೆ ಮಾತ್ರ ನಂಬಿ. ಪ್ರತಿ ಸುತ್ತಿಗೂ ಗ್ಲಾಸಿಗೆ 20 ಮಿಲಿ ಸಾಕು, ಹೆಚ್ಚಾದರೆ ಕೊನೆಯ ಸುತ್ತಿಗೆ ತಲೆಯೇ ಉಳಿಯುವುದಿಲ್ಲ.

ಊಟದ ಜೊತೆ ಆರಿಸುವಾಗ ಒಂದೇ ನಿಯಮ ನೆನಪಿಡಿ: ಕಹಿ ಮತ್ತು ಆಲ್ಕೋಹಾಲ್ ಖಾರವನ್ನು ಏರಿಸುತ್ತವೆ. ತಹರಿ, ಮಿರ್ಚಿ ಭಜಿ, ಕೆಂಪು ಖಾರದ ಮಟನ್ ಜೊತೆ ಐಪಿಎ, ಸ್ಟ್ರಾಂಗ್ ಎರಡೂ ಬೇಡ, ಗೋಧಿ ಬಿಯರ್ ತಗೊಳ್ಳಿ. ಸ್ಟೌಟ್ ಉಳಿಸಿಕೊಂಡು ಶೇಂಗಾ ಹೋಳಿಗೆ ಜೊತೆ ಕುಡಿದು ನೋಡಿ. ಹುರಿದ ಶೇಂಗಾ, ಬೆಲ್ಲ, ಹುರಿದ ಮಾಲ್ಟ್ ಮೂರೂ ಒಂದೇ ಜಾತಿ.

ಐಪಿಎ ನಿಜಕ್ಕೂ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಇಲ್ಲಿನ ಅಂಗಡಿಯ ಬಾಟಲಿಗೆ ದುಡ್ಡು ಹಾಕಬೇಡಿ. ಬೆಂಗಳೂರಿಗೋ ಹೈದರಾಬಾದಿಗೋ ರೈಲಿನಲ್ಲಿ ಹೋದಾಗ ಮೈಕ್ರೋಬ್ರೂವರಿಯಲ್ಲಿ ಸಣ್ಣ ಗ್ಲಾಸುಗಳ ಸ್ಯಾಂಪ್ಲರ್ ಕೇಳಿ, ಯಾವುದು ಈ ವಾರ ಶುರುವಾದದ್ದು ಎಂದು ವಿಚಾರಿಸಿ, ಅದರಿಂದ ಆರಂಭಿಸಿ. ಅಲ್ಲಿ ಬರೆದುಕೊಂಡ ಅಂಕವೇ ನಿಮ್ಮ ಅಳತೆಗೋಲು. ಊರಿಗೆ ಬಂದ ಮೇಲೆ ಅದೇ ಬಗೆಯ ಬಾಟಲಿ ಅದಕ್ಕಿಂತ ಹತ್ತು ಅಂಕ ಕೆಳಗಿದ್ದರೆ ತಾರೀಖು ನೋಡಿ, ಐದು ಕೆಳಗಿದ್ದರೆ ಇನ್ನೆರಡು ಕೊಂಡಿಟ್ಟುಕೊಳ್ಳಿ.