ಕಾಳಜಿ ಕೇಂದ್ರದಲ್ಲಿ ಬಸುರಿ-ಬಾಣಂತಿಯರ ಲೆಕ್ಕ ಇಡುವುದು ಹೇಗೆ?

ಆಶ್ಲೇಷ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ಮೊಬೈಲ್ ಸಿಗ್ನಲ್, ಕೊನೆಗೆ ದಾರಿ. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗ ನಗರದೊಳಗೇ ನುಗ್ಗಿದ್ದಳು. ಅಂಥ ಹೊತ್ತಲ್ಲಿ ಮನೆ ಬಿಡುವವರ ಕೈಗೆ ಒಡವೆ, ರೇಷನ್ ಕಾರ್ಡು ಸಿಗುತ್ತದೆ; ಬಸುರಿಯ ತಪಾಸಣೆಯ ವಿವರವಿರುವ ತಾಯಿ ಕಾರ್ಡು ಟ್ರಂಕಿನಲ್ಲೇ ಉಳಿಯುತ್ತದೆ. ನೆರೆಯಲ್ಲಿ ಮನೆ ಬಿಟ್ಟವರಿಗೆಂದು ತೆರೆಯುವ ಕಾಳಜಿ ಕೇಂದ್ರಕ್ಕೆ ಬಂದ ಡಾಕ್ಟರು ಎಷ್ಟು ತಿಂಗಳು, ಯಾವ ರಕ್ತದ ಗುಂಪು, ಹಿಂದಿನದು ಸಿಸೇರಿಯನ್ನೇ ಎಂದು ಕೇಳಿದರೆ ಹೇಳುವವರೇ ಇರುವುದಿಲ್ಲ. ಆ ದಿನ ಕೈ ಹಿಡಿಯುವುದು ಆ್ಯಪ್ ಅಲ್ಲ, ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಅದನ್ನು ಹೇಗೆ ಇಡಬೇಕೆಂದು ಆಶಾ ಕಾರ್ಯಕರ್ತೆಯರಿಗೆ, ಸ್ವಯಂಸೇವಕರಿಗೆ, ಪಂಚಾಯ್ತಿಯವರಿಗೆ ಹೇಳಬೇಕೆನಿಸಿದೆ.

ಮಳೆಗೆ ಮುಂಚೆ

ಕೆಲಸ ಶುರುವಾಗಬೇಕಾದ್ದು ಮೇ ತಿಂಗಳಲ್ಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೆರಿಗೆ ಆಗುವವರ ಪಟ್ಟಿ ಮಾಡಿ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಅಂದಾಜು ತಾರೀಕು ಸಿಗುತ್ತದೆ. ಮುಟ್ಟು ನವೆಂಬರ್ 10 ಎಂದರೆ ಹೆರಿಗೆ ಆಗಸ್ಟ್ 17, ಅಂದರೆ ಆಶ್ಲೇಷ ಮುಗಿದು ಮಘೆ ಹುಟ್ಟುವ ಹೊತ್ತು. ತಾರೀಕು ನೆನಪಿಲ್ಲದವರೇ ಹೆಚ್ಚು. "ದೀಪಾವಳಿ ಆಗಿ ನಾಲ್ಕು ದಿನಕ್ಕೆ ಹೊರಗಾಗಿದ್ದೆ" ಎನ್ನುತ್ತಾರೆ. ಹಬ್ಬ ಗುರುತಿಸಿದ ಹಳೆಯ ಕ್ಯಾಲೆಂಡರು ಪಕ್ಕದಲ್ಲಿರಲಿ.

ವಿಳಾಸದ ಜಾಗದಲ್ಲಿ ಮನೆ ನಂಬರಿಗಿಂತ ದಾರಿ ಬರೆಯಿರಿ: ಕಾಲುಸಂಕ ದಾಟಬೇಕೇ, ಜೀಪು ಅಂಗಳದವರೆಗೆ ಬರುತ್ತದೆಯೇ, ತೋಟ ಇಳಿದು ನಡೆಯಬೇಕೇ. ತಾಯಿ ಕಾರ್ಡಿನ ಮೇಲಿರುವ ಆರ್‌ಸಿಎಚ್ ಸಂಖ್ಯೆ, ಅಂದರೆ ಆರೋಗ್ಯ ಇಲಾಖೆ ಕೊಟ್ಟ ನೋಂದಣಿ ಸಂಖ್ಯೆ, ತಪ್ಪದೆ ಬರೆದುಕೊಳ್ಳಿ. ಕಾರ್ಡು ಕಳೆದುಹೋದರೂ ಆ ಸಂಖ್ಯೆಯಿಂದ ಇಲಾಖೆಯ ದಾಖಲೆ ಹುಡುಕಬಹುದು. ಹಿಂದೆ ಸಿಸೇರಿಯನ್ ಆದವರು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿರುವವರು, ಅವಳಿ ಇರುವವರು ದಿನ ತುಂಬುವ ಎರಡು ವಾರ ಮೊದಲೇ ಪೇಟೆಯಲ್ಲಿರುವ ನೆಂಟರ ಮನೆಗೆ ಬರುವಂತೆ ಮನೆಯವರೊಂದಿಗೆ ಮಾತಾಡಿ.

ನಮ್ಮ ಕಡೆ ಲೆಕ್ಕ ತಪ್ಪುವುದು ತವರುಮನೆಯಿಂದ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳ ಹೆಸರು ಗಂಡನ ಊರಿನ ಆಶಾ ಪಟ್ಟಿಯಲ್ಲಿರುತ್ತದೆ, ಅವಳು ಇಲ್ಲಿರುತ್ತಾಳೆ. ಅಲ್ಲಿ ಹುಡುಕಿದರೆ ಇಲ್ಲ, ಇಲ್ಲಿ ಪಟ್ಟಿಯಲ್ಲೇ ಇಲ್ಲ. ತೋಟದ ಕೆಲಸಕ್ಕೆ ಬಯಲುಸೀಮೆಯಿಂದ ಬಂದು ಲೈನ್ ಮನೆಗಳಲ್ಲಿರುವ ಹೆಂಗಸರ ಪಾಡೂ ಇದೇ. ಈ ಇಬ್ಬರಿಗಾಗಿ ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟ ಬೇರೆ ಇಡಿ.

ಕೇಂದ್ರ ತೆರೆದ ದಿನ

ಮೊದಲು ಒಬ್ಬರನ್ನು ಹೊಣೆ ಮಾಡಿ. ವಿಪತ್ತಿನ ಸಂದರ್ಭಕ್ಕೆಂದೇ ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ರೂಪಿಸಿದ ಕನಿಷ್ಠ ಸೇವೆಗಳ ಕೈಪಿಡಿಯೂ ಮೊದಲು ಕೇಳುವುದು ಇದನ್ನೇ: ಈ ಕೆಲಸಕ್ಕೆ ಮುಂದಾಳು ಯಾರು? ನಮ್ಮಲ್ಲಿ ಅದು ಉಪಕೇಂದ್ರದ ಸಿಸ್ಟರ್ ಆದರೆ ಒಳ್ಳೆಯದು. ನಾಲ್ಕು ಸಂಘದವರು ನಾಲ್ಕು ಪಟ್ಟಿ ಮಾಡಿದರೆ ಒಬ್ಬ ಬಸುರಿ ನಾಲ್ಕು ಸಲ ಉತ್ತರ ಹೇಳಿ ಸುಸ್ತಾಗುತ್ತಾಳೆ.

ಹೆಸರು ಬರೆಯುವ ಮುಂಚೆ ಅಂದಾಜು ಹಾಕಿ. ಕರ್ನಾಟಕದಲ್ಲಿ ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು 16 ಹೆರಿಗೆ. ಬಸುರಿ ಒಂಬತ್ತು ತಿಂಗಳು, ಅಂದರೆ ವರ್ಷದ ಮುಕ್ಕಾಲು ಭಾಗ; ಹಾಗಾಗಿ ಸಾವಿರ ಜನರಲ್ಲಿ ಯಾವ ದಿನ ನೋಡಿದರೂ ಹನ್ನೆರಡು ಮಂದಿ ಬಸುರಿಯರು ಇರಬೇಕು. ನಿಮ್ಮ ಪುಸ್ತಕದಲ್ಲಿ ನಾಲ್ಕೇ ಹೆಸರಿದ್ದರೆ ಉಳಿದವರು ಇಲ್ಲ ಎಂದಲ್ಲ, ನಿಮಗೆ ಹೇಳಿಲ್ಲ ಎಂದು. ನೂರು ಜನರ ಸಣ್ಣ ಕೇಂದ್ರಕ್ಕೆ ಈ ಲೆಕ್ಕ ನೇರ ಹೊಂದುವುದಿಲ್ಲ. ಅಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಬೇಕು. ಸುಮಾರು ಶೇ 15ರಷ್ಟು ಬಸುರಿಯರಿಗೆ ಏನಾದರೊಂದು ತೊಡಕು ಬರಬಹುದೆಂದು ಲೆಕ್ಕವಿಟ್ಟೇ ಗಾಡಿ, ಔಷಧಿ ಸಿದ್ಧವಿರಬೇಕು.

ಪುಸ್ತಕ ಎರಡು, ಒಂದಲ್ಲ

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಒಂದು ಮಳೆಗಾಲ, ಶಾಲೆಯೊಂದರಲ್ಲಿ ತೆರೆದ ಕೇಂದ್ರದಲ್ಲಿ ಬಸುರಿಯರ ಹೆಸರು, ತಿಂಗಳು ಬರೆದ ಹಾಳೆಯನ್ನು ಅನುಕೂಲವಾಗಲೆಂದು ಗೋಡೆಗೆ ಅಂಟಿಸಿದೆವು. ಮೂರು ತಿಂಗಳೂ ತುಂಬದ ಒಬ್ಬಳು ಇನ್ನೂ ಮನೆಯಲ್ಲೇ ಹೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಅವಳು ಗಂಟು ಕಟ್ಟಿಕೊಂಡು ಹೊರಟುಹೋಗಿದ್ದಳು. ಎಲ್ಲಿಗೆ ಎಂದು ನಮಗೆ ತಿಳಿಯಲೇ ಇಲ್ಲ. ಆ ಹಾಳೆ ಕಿತ್ತದ್ದು ನಾನೇ.

ಅಂದಿನಿಂದ ಹೇಳುತ್ತ ಬಂದಿದ್ದೇನೆ: ಹೆಸರಿನ ಪುಸ್ತಕ ಸಿಸ್ಟರ್ ಚೀಲದಲ್ಲಿರಲಿ, ಬೇರೆ ಯಾರ ಕೈಗೂ ಹೋಗದಿರಲಿ. ಇನ್ನೊಂದು ಪುಸ್ತಕದಲ್ಲಿ ಬರೀ ಸಂಖ್ಯೆ. ತಾಲ್ಲೂಕು ಆರೋಗ್ಯಾಧಿಕಾರಿಗೆ, ತಹಶೀಲ್ದಾರರ ಕಚೇರಿಗೆ ಹೋಗುವುದು ಎರಡನೆಯದು ಮಾತ್ರ. ಹೆಸರಿರುವ ಪುಟದ ಫೋಟೊ ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಬೇಡ. ಬಾಲ್ ಪೆನ್ ಅಥವಾ ಪೆನ್ಸಿಲ್ ಬಳಸಿ, ಜೆಲ್ ಪೆನ್ನಿನ ಶಾಯಿ ಥಂಡಿಗೆ ಕದಡುತ್ತದೆ.

ಹೆಸರಿನ ಪುಸ್ತಕದಲ್ಲೂ ಕೆಲಸಕ್ಕೆ ಬರುವುದಷ್ಟೇ ಇರಲಿ: ಹೆರಿಗೆ ತಾರೀಕು, ರಕ್ತದ ಗುಂಪು, ಹಿಂದಿನ ಹೆರಿಗೆ ಹೇಗಾಯಿತು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಫೋನು. ಜಾತಿ ಏಕೆ? ಬರೆದುಕೊಂಡು ನೀವು ಮಾಡುವುದೇನೂ ಇಲ್ಲದಿದ್ದರೆ ಕೇಳಲೇಬೇಡಿ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳ ಹೆಸರು ಎರಡೂ ಪುಸ್ತಕದಲ್ಲಿ ಇರಬಾರದು. ಅವಳಿಗೆ ಬೇಕಾದದ್ದು ಡಾಕ್ಟರು, ಅದೂ ಬೇಗ: ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ, ಗರ್ಭ ತಡೆಯುವ ತುರ್ತು ಮಾತ್ರೆ ಐದು ದಿನದೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಅವಳಿಗೆ ಉಚಿತ ಚಿಕಿತ್ಸೆ ಕೊಡಲೇಬೇಕೆಂದು ಕಾನೂನಿದೆ. 18 ತುಂಬದ ಹುಡುಗಿಯಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆ ಮಾತನ್ನು ಅವಳಿಗೆ ಮೊದಲೇ ಹೇಳಿ. ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ 181 ಮಹಿಳಾ ಸಹಾಯವಾಣಿಯ ಸಂಖ್ಯೆ ಅಂಟಿಸಿ. ಅಲ್ಲಾದರೆ ಯಾರೂ ನೋಡದೆ ಓದಿಕೊಳ್ಳಬಹುದು.

ಗರ್ಭ ಬೇಡ ಎನ್ನುವವಳಿಗೂ ಇದೇ ಗೌಪ್ಯತೆ. ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ: 2021ರಲ್ಲಿ ಬಂದ ನಿಯಮಗಳ ಪ್ರಕಾರ, ಸರ್ಕಾರ ಘೋಷಿಸಿದ ವಿಪತ್ತಿನಲ್ಲಿ ಸಿಲುಕಿದ ಮಹಿಳೆಗೂ 20ರಿಂದ 24 ವಾರದವರೆಗೆ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಗರ್ಭಪಾತಕ್ಕೆ ಅವಕಾಶವಿದೆ. ಅವಳ ವಿವರ ಡಾಕ್ಟರ ದಾಖಲೆಯಲ್ಲಷ್ಟೇ ಇರಬೇಕು.

ಆಸ್ಪತ್ರೆಗೆ ಕಳಿಸುವಾಗ

ರಕ್ತಸ್ರಾವ, ಫಿಟ್ಸ್, ಕಣ್ಣು ಮಂಜಾಗುವಂಥ ತಲೆನೋವು, ಮಗುವಿನ ಅಲುಗಾಟ ಕಡಿಮೆಯಾಗುವುದು, ನೋವಿಲ್ಲದೆ ನೀರು ಒಡೆಯುವುದು: ಇವಿಷ್ಟನ್ನು ಪುಸ್ತಕದ ರಟ್ಟಿನ ಮೇಲೇ ಬರೆದಿಡಿ. ಒಂದು ಕಂಡರೂ 108ಕ್ಕೆ ಫೋನು. ಜೊತೆಗೆ ಒಂದು ಚೀಟಿ ಹೋಗಬೇಕು: ಏನು ತೊಂದರೆ, ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟಿರಿ, ಹೊರಟದ್ದು ಎಷ್ಟು ಹೊತ್ತಿಗೆ. ತಲುಪಿದ ಹೊತ್ತನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಿ.

ದಾರಿಯೂ ಆರೋಗ್ಯ ಮಾಹಿತಿಯೇ. ಆಗುಂಬೆ ಘಾಟಿ, ಹುಲಿಕಲ್ ಘಾಟಿಯಲ್ಲಿ ಮಣ್ಣು ಕುಸಿದರೆ ತೀರ್ಥಹಳ್ಳಿ, ಹೊಸನಗರ ಕಡೆಯವರು ಉಡುಪಿ, ಕುಂದಾಪುರಕ್ಕೆ ಇಳಿಯುವಂತಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಡೆಗೇ ಗಾಡಿ ತಿರುಗಬೇಕು. ಯಾವ ದಾರಿ ಮುಚ್ಚಿದೆ ಎಂದು ದಿನಾ ಬೆಳಿಗ್ಗೆ ಸಂಖ್ಯೆಯ ಪುಸ್ತಕದ ಮೊದಲ ಸಾಲಿನಲ್ಲಿ ಬರೆಯಿರಿ.

ಸಂಜೆ ಹತ್ತು ನಿಮಿಷ ಕೂತು ಆ ಪುಸ್ತಕ ನೋಡಿ: ಇನ್ನು ಎರಡು ವಾರದಲ್ಲಿ ದಿನ ತುಂಬುವವರು ಎಷ್ಟು, ಕಬ್ಬಿಣಾಂಶದ ಮಾತ್ರೆ, ಪ್ಯಾಡು ಎಷ್ಟು ದಿನಕ್ಕಿದೆ. ಸಾಲದಿದ್ದರೆ ಅಂದೇ ಕೇಳಿ.

ನೀರು ಇಳಿದ ಮೇಲೆ

ಹೆಚ್ಚಿನವರು ಇಲ್ಲಿ ಕೈಬಿಡುತ್ತಾರೆ. ಮನೆಗೆ ಹೊರಟ ಪ್ರತಿಯೊಬ್ಬಳ ಕೈಗೂ ಅವಳದೇ ವಿವರದ ಒಂದು ಚೀಟಿ ಕೊಡಿ, ಊರಿನ ಆಶಾಗೆ ಫೋನು ಮಾಡಿ, ಇಲಾಖೆಯ ಪೋರ್ಟಲ್‌ನಲ್ಲಿ ದಾಖಲಾಯಿತೇ ಎಂದು ಸಿಸ್ಟರನ್ನು ಕೇಳಿ. ಗರ್ಭ ತಡೆಯಲು ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಇಂಜೆಕ್ಷನ್ ನೆರೆಯಲ್ಲಿ ತಪ್ಪಿದವರು ಯಾರೆಂದು ಹುಡುಕಿ. ಕೊನೆಗೆ ಹೆಸರಿನ ಪುಸ್ತಕವನ್ನು ಶಾಲೆಯ ಬೀರುವಿನಲ್ಲಿ ಬಿಟ್ಟು ಬರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಕೈಗೆ ಕೊಟ್ಟು, ತಲುಪಿತೆಂದು ಬೇರೆ ಹಾಳೆಯಲ್ಲಿ ಸಹಿ ಹಾಕಿಸಿಕೊಂಡು ಬನ್ನಿ.