ಗೆತರನ್, ಗಿಟಾರ್ ಅಲ್ಲ

ಸಿಂಗಪುರಕ್ಕೆ ಬಂದು ಒಂಬತ್ತು ವರ್ಷವಾದರೂ ನನ್ನ ಮಲಯ ಭಾಷೆ ನಾಸಿ ಲೆಮಕ್ (ತೆಂಗಿನಹಾಲಿನ ಅನ್ನ) ಕೊಳ್ಳುವಷ್ಟಕ್ಕೇ ನಿಂತಿತ್ತು. ನಮ್ಮ ಬ್ಲಾಕಿನ ಹರಿ ರಾಯ, ಅಂದರೆ ಈದ್ ಹಬ್ಬದ ಕಾರ್ಯಕ್ರಮಕ್ಕೆ "ಹೇಗೂ ಹಾಡ್ತೀರಲ್ಲ, ಪಿ. ರಾಮ್ಲೀದೊಂದು ಹಾಡಿ" ಅಂದಾಗ ಹೂಂ ಅಂದುಬಿಟ್ಟೆ. ರಾಮ್ಲೀ ಅಂದರೆ ಮಲಯ ಸಿನಿಮಾದ ಹಳೆಯ ನಟ, ಗಾಯಕ. ಭಾವಗೀತೆಗಳಲ್ಲಿ ಪಳಗಿದ ಗಂಟಲು, ಇದೆಷ್ಟರ ಮಾತು ಅನ್ನುವ ಧೈರ್ಯ. ಆರಿಸಿಕೊಂಡದ್ದು 1960ರ 'ಅಂತಾರ ದುವಾ ದರ್ಜತ್' ಚಿತ್ರದ 'ಗೆತರನ್ ಜಿವ'. ಈ ಹಾಡು ಗೊತ್ತಿಲ್ಲದ ಮಲಯರನ್ನು ನಾನಿನ್ನೂ ನೋಡಿಲ್ಲ.

ಮೊದಲ ತಪ್ಪು ಕಾಗದದ ಮೇಲೇ ಆಯಿತು. ರೋಮನ್ ಲಿಪಿಯ ಸಾಹಿತ್ಯವನ್ನು ಕನ್ನಡಕ್ಕೆ ಇಳಿಸಿಕೊಳ್ಳುವಾಗ ಇಂಗ್ಲಿಷ್ ಓದುವ ಅಭ್ಯಾಸದಲ್ಲಿ 'ಗೆಟಾರನ್' ಎಂದು ಬರೆದುಕೊಂಡೆ. ಅಕಾರ್ಡಿಯನ್ ನುಡಿಸುವ ಹಿರಿಯರೊಬ್ಬರು ಕಲಿಸಲು ಒಪ್ಪಿದ್ದರು. ಎಲ್ಲರಿಗೂ ಅವರು 'ಪಾಕ್‌ಚಿಕ್', ಅಂದರೆ ಚಿಕ್ಕಪ್ಪ. ಮೊದಲ ಸಾಲಿಗೇ ತಿದಿ ನಿಲ್ಲಿಸಿ ನಕ್ಕರು. "ಗಿತಾರ್ ಅಲ್ಲ ಮಗಳೇ, ಗೆತರನ್." ಕಂಪನ ಅಂತ ಅರ್ಥ. ಆ 'ತ' ನಮ್ಮ 'ತ'ಗೇ ಹತ್ತಿರ. ನಾನೇ ಸುಮ್ಮನೆ ನಾಲಿಗೆ ಮಡಿಸಿದ್ದೆ. 'ಗೆ' ಮಾತ್ರ ನಮ್ಮದಲ್ಲ. ಅ, ಎ ಎರಡರ ನಡುವೆ ಬಾಯಿ ಹೆಚ್ಚು ತೆರೆಯದೆ ಹೊರಡುವ ಸ್ವರ, ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಅಂಥ ಕಡೆಯಲ್ಲೆಲ್ಲ ಪೆನ್ಸಿಲಿನಲ್ಲಿ ಕೆಳಗೊಂದು ಚುಕ್ಕಿ ಇಟ್ಟೆ. ಜನ ಮಾತಾಡುವಾಗ 'ಜಿವ'ದ ಕೊನೆಯ ಅಕಾರವೂ ಹಾಗೇ ಮಸುಕಾಗುವುದು ಕೇಳಿ, ಅಲ್ಲೂ ಚುಕ್ಕಿ ಇಟ್ಟೆ. ಪಾಕ್‌ಚಿಕ್ ಅದನ್ನು ಅಳಿಸಿದರು. ಹಾಡಿನಲ್ಲಿ ಅದು ತೆರೆದೇ ಇರಬೇಕಂತೆ.

'ಜಿವ' ನಮ್ಮ ಜೀವವೇ. 'ಚಿಂತಾ' ಅಂದರೆ ಪ್ರೀತಿ. ನಮ್ಮ ಸಂಸಾರ ಅಲ್ಲಿ 'ಸೆಂಗ್ಸಾರ' ಆಗಿದೆ, ಅರ್ಥ ಯಾತನೆ. ನಮ್ಮೆಜಮಾನರಿಗೆ ಇದನ್ನು ಹೇಳಿದೆ, ಅವರು ಮರುಮಾತಾಡಲಿಲ್ಲ.

ಉಚ್ಚಾರ ಎರಡು ವಾರದಲ್ಲಿ ಸರಿಹೋಯಿತು. ಗಮಕ ಹೋಗಲಿಲ್ಲ. ಸಾಲು ಮುಗಿಯುವಾಗ ಗಂಟಲು ತಾನಾಗಿ ಒಂದು ಬಿರ್ಕಾ, ಸ್ವರಗಳ ಬಿರುಸಿನ ಸುರುಳಿ, ಎಳೆಯುತ್ತಿತ್ತು. "ಪೆಲಾನ್-ಪೆಲಾನ್," ನಿಧಾನ, ಮೆಲ್ಲಗೆ ಅನ್ನುವರು ಪಾಕ್‌ಚಿಕ್. ಒಂದು ದಿನ ತಾಳ್ಮೆ ತಪ್ಪಿ, "ಅವರ ಹಾಡಿಗೆ ಹೂ ಮುಡಿಸಬೇಡ. ಮನೆಗೆ ಹೋಗಿ ಸಿನಿಮಾ ನೋಡು" ಅಂದರು.

ನೋಡಿದೆ, ಒಂದಲ್ಲ, ಏಳೆಂಟು. ಆಗ ಆ ಮನುಷ್ಯ ಅರ್ಥವಾಗತೊಡಗಿದರು. ಪೆನಾಂಗ್‌ನಲ್ಲಿ 1929ರಲ್ಲಿ ಹುಟ್ಟಿದ ರಾಮ್ಲೀಯನ್ನು 1948ರಲ್ಲಿ ಸಿಂಗಪುರದ ಜಲಾನ್ ಅಂಪಾಸ್ ಸ್ಟುಡಿಯೋಗೆ ಕರೆತಂದವರು ಭಾರತದಿಂದ ಬಂದ ನಿರ್ದೇಶಕ ಬಿ.ಎಸ್. ರಾಜ್‌ಹನ್ಸ್. ಮೊದಲ ಚಿತ್ರ 'ಚಿಂತಾ'ದಲ್ಲಿ ಪಾತ್ರ ಖಳನದು, ಜೊತೆಗೆ ನಾಯಕನ ಹಾಡಿಗೆ ದನಿಯೂ ಇವರದೇ! 1950ರ 'ಬಕ್ತಿ'ಯಲ್ಲಿ ನಾಯಕರಾಗಿ ತಮ್ಮ ಹಾಡು ತಾವೇ ಹಾಡಿದರು. ಪಿ.ಬಿ.ಎಸ್. ಆಗಿ ಬಂದು ಅಣ್ಣಾವ್ರಾಗಿ ನಿಂತಹಾಗೆ ಅನ್ನಿ. 1955ರಲ್ಲಿ ನಿರ್ದೇಶನಕ್ಕೂ ಇಳಿದರು. 'ಅನಕ್ಕು ಸಝಾಲಿ'ಯಲ್ಲಿ ಅಪ್ಪ, ಮಗ ಎರಡೂ ತಾವೇ ಆಗಿ 1957ರ ಏಷ್ಯಾ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಎನಿಸಿಕೊಂಡರು. 1964ರಲ್ಲಿ ಕೌಲಾಲಂಪುರಕ್ಕೆ ಹೋದಮೇಲೆ ಆ ಹೊಳಪು ಉಳಿಯಲಿಲ್ಲ. 1973ರಲ್ಲಿ, 44ಕ್ಕೇ ತೀರಿಕೊಂಡರು.

ನನಗೆ ಬೇಕಾದ್ದು ಆ ಹಾಡಿನ ದೃಶ್ಯದಲ್ಲಿತ್ತು. ಅಲ್ಲಿ ಅವರು ಹಾಡುಗಾರರಂತೆ ಕಾಣುವುದೇ ಇಲ್ಲ. ಎದುರಿಗಿರುವ ಒಬ್ಬರಿಗೆ ಏನೋ ಹೇಳುತ್ತಿರುವಂತಿದೆ, ಮಾತು ಮುಗಿದಲ್ಲಿ ಸ್ವರವನ್ನು ಹಾಗೇ ಬಿಟ್ಟುಬಿಡುತ್ತಾರೆ. ನಾನು ತಂಬೂರಿ ಆ್ಯಪ್ ಮುಚ್ಚಿಟ್ಟೆ. ಹಾಡುವುದನ್ನೂ ಒಂದು ವಾರ ಬಿಟ್ಟು, ಅಡುಗೆಮನೆಯಲ್ಲಿ ಸಾಲುಗಳನ್ನು ಬರೀ ಮಾತಿನಂತೆ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಅದಕ್ಕೇ ರಾಗ ಹಚ್ಚಿದೆ.

ಕಾರ್ಯಕ್ರಮದ ದಿನ ಎರಡನೇ ಸಾಲಿಗೇ ಮುಂದಿನ ಕುರ್ಚಿಯ ಅಜ್ಜಿಯರು ದನಿಗೂಡಿಸಿದರು, ಆಮೇಲೆ ಇಡೀ ಸಭೆ. ನನ್ನ ಧ್ವನಿ ನನಗೇ ಕೇಳಿಸದಂತಾಯಿತು. ಕೆಳಗಿಳಿದಾಗ ಪಾಕ್‌ಚಿಕ್ ಅಕಾರ್ಡಿಯನ್ನಿನ ಪಟ್ಟಿ ಬಿಗಿಯುತ್ತ, ತಲೆ ಎತ್ತದೆ ಅಂದರು: "ನಡುವೆ ಒಂದು ಹೂ ಮುಡಿಸಿದೆ. ಕೇಳಿಸ್ತು."